ನಮ್ಮ ಟ್ರಾಕ್ಟರಿಗೆ ಹಲ್ಲು ಕಟ್ಟಿಸಿದ ಪ್ರಸಂಗ

ಹೆಂಡತಿಗೆ ಆಜ್ಞೆ ಮಾಡುವ ಭಾಗ್ಯ ಎಲ್ಲ ಗಂಡಂದಿರಿಗೂ ಇರುವುದಿಲ್ಲ. ನನಗಿತ್ತು. ದಿನಕ್ಕೊಂದೇ ಸಲ, ಬೆಳಿಗ್ಗೆ ಆರೂವರೆಗೆ, ಹೆಚ್ಚೆಂದರೆ ಎರಡು ನಿಮಿಷ. ಅದಕ್ಕೆ ಕಾರಣ ನನ್ನ ಪೌರುಷ ಎಂದು ನೀವು ತಿಳಿದುಕೊಂಡರೆ ನನ್ನದೇನೂ ಅಭ್ಯಂತರವಿಲ್ಲ. ಆದರೆ ನಿಜವಾದ ಕಾರಣ ನಮ್ಮ ಟ್ರಾಕ್ಟರಿನ ಹಲ್ಲು.

ಬಿಡಿಸಿ ಹೇಳುತ್ತೇನೆ. ಟ್ರಾಕ್ಟರಿನ ಎಂಜಿನ್ನಿನ ಹಿಂಬದಿಗೆ ಒಂದು ದಪ್ಪ ಕಬ್ಬಿಣದ ಚಕ್ರವಿರುತ್ತದೆ, ಅದಕ್ಕೆ ಫ್ಲೈವೀಲ್ ಎನ್ನುತ್ತಾರೆ. ಆ ಚಕ್ರದ ಸುತ್ತ ಬಳೆಯಂತೆ ಬಿಗಿದು ಕುಳಿತ ಹಲ್ಲುಹಲ್ಲಿನ ಪಟ್ಟಿಯೇ ರಿಂಗು. ಚಾವಿ ತಿರುವಿದಾಗ ಸೆಲ್ಫ್ ಎಂಬ ಪುಟ್ಟ ಮೋಟಾರು ತನ್ನ ಹಲ್ಲನ್ನು ರಿಂಗಿನ ಹಲ್ಲಿಗೆ ಸಿಕ್ಕಿಸಿ ಚಕ್ರವನ್ನು ತಿರುಗಿಸುತ್ತದೆ, ಎಂಜಿನ್ ಎಚ್ಚರವಾಗುತ್ತದೆ. ನಾನು ಹದಿಮೂರು ವರ್ಷದ ಹಿಂದೆ ಕೋಸಗಿಯಲ್ಲಿ ಕೊಂಡು ತಂದ ಹಳೇ ಟ್ರಾಕ್ಟರಿನ ರಿಂಗು ಬಂದಾಗಲೇ ಬೊಚ್ಚುಬಾಯಿಯಾಗಿತ್ತು. ಚಾವಿ ತಿರುವಿದರೆ ‘ಕರ್ರ್’ ಎಂದು ನಿದ್ದೆಯಲ್ಲಿ ಹಲ್ಲು ಕಡಿದ ಸದ್ದು ಬರುತ್ತಿತ್ತು. ಆಮೇಲೆ ಅದು ಮತ್ತೆ ನಿದ್ದೆಗೆ ಹೋಗುತ್ತಿತ್ತು.

ಆದ್ದರಿಂದ ನೂಕಬೇಕು. ಮಕ್ತಲ್ ಹತ್ತಿರದ ನಮ್ಮ ಊರಿನಲ್ಲಿ ನಮ್ಮ ಮನೆ ದಿಬ್ಬದ ಮೇಲಿದೆ, ಅಲ್ಲಿಂದ ಓಣಿ ಇಳಿಜಾರು. ಬೆಳಿಗ್ಗೆ ನಾನು ತಲೆಗೆ ಟವೆಲು ಸುತ್ತಿ ಸೀಟಿನ ಮೇಲೆ ವಿರಾಜಮಾನನಾಗುತ್ತಿದ್ದೆ. ಹಿಂದೆ ನನ್ನ ಹೆಂಡತಿ ಮಹಾಂತಮ್ಮ, ಅವಳ ಜೊತೆ ನಲ್ಲಿಗೆ ನೀರಿಗೆಂದು ಬಂದ ಇಬ್ಬರೋ ಮೂವರೋ ಹೆಂಗಸರು. ನಾನು ಹಿಂದಿರುಗಿ ನೋಡದೆ “ನೂಕು” ಎನ್ನುತ್ತಿದ್ದೆ, ಅವಳು ನೂಕುತ್ತಿದ್ದಳು. “ಇನ್ನೊಂದೀಟು ಜೋರ” ಎನ್ನುತ್ತಿದ್ದೆ, ಜೋರಾಗಿ ನೂಕುತ್ತಿದ್ದಳು. ಟ್ರಾಕ್ಟರ್ ಅಂಗಳ ದಾಟಿ ಇಳಿಜಾರಿಗೆ ಬಿದ್ದು ಓಡುವಾಗ, ಕೆಳಗಿನ ಲಿಂಗಣ್ಣನ ಮನೆಯ ಹತ್ತಿರ ನಾನು ಕ್ಲಚ್ ಬಿಡುತ್ತಿದ್ದೆ. ಎಂಜಿನ್ ಕೆಮ್ಮಿ, ಲಿಂಗಣ್ಣನ ಪಡಸಾಲೆಯ ತುಂಬ ಹೊಗೆ ಬಿಟ್ಟು ಸ್ಟಾರ್ಟ್ ಆಗುತ್ತಿತ್ತು. ಹೊಲದಲ್ಲಿ ಮಾತ್ರ ಸಂಜೆಯವರೆಗೆ ಆಫ್ ಮಾಡುವ ಹಾಗಿರಲಿಲ್ಲ. ಬುತ್ತಿ ಬಿಚ್ಚಿ ಉಣ್ಣುವಾಗಲೂ ಅದು ಪಕ್ಕದಲ್ಲಿ ಬುಡಬುಡ ಎನ್ನುತ್ತಲೇ ಇರುತ್ತಿತ್ತು.

ಉಳಿದ ಹೊತ್ತಿನ ಕಥೆ ಬೇರೆ. ಮನೆಯೊಳಗೆ ಉಪ್ಪಿನಿಂದ ಹಿಡಿದು ಫೋನಿನ ರೀಚಾರ್ಜಿನವರೆಗೆ ಎಲ್ಲ ಮಹಾಂತಮ್ಮನದೇ. ಅಲ್ಲಿ ನನ್ನ ಮಾತು ಬರೀ ಅರ್ಜಿ. ಹಾಕಿ ಕಾಯಬೇಕು, ಬಹಳ ಸಲ ತಿರಸ್ಕೃತವಾಗುತ್ತದೆ. ಆ ಸೀಟಿನ ಮೇಲೆ ಮಾತ್ರ ನನ್ನ ಮಾತು ಹುಕುಂ ಆಗಿತ್ತು. ಊರಿನ ಎದುರು, ಹೆಂಗಸರ ಎದುರು, ಲಿಂಗಣ್ಣನ ಎದುರು. (ರಿಂಗು ಬದಲಿಸಲು ಹನ್ನೆರಡು ವರ್ಷ ಯಾಕೆ ಬೇಕಾಯಿತು ಎಂದು ಈಗಲಾದರೂ ನಿಮಗೆ ತಿಳಿದಿರಬೇಕು.)

ಹೀಗಿರುವಾಗ ಹೋದ ವರ್ಷ ಮುಂಗಾರಿಗೆ ಮುಂಚೆ ಒಂದು ಬುಧವಾರ ನಾನು “ನೂಕು” ಅಂದೆ. ಟ್ರಾಕ್ಟರ್ ಅಲುಗಲಿಲ್ಲ. ಇನ್ನೊಂದು ಸಲ ಅಂದೆ. ಆಗಲೂ ಅಲುಗದಿದ್ದಾಗ ಹಿಂದಿರುಗಿ ನೋಡಿದೆ. ಮಹಾಂತಮ್ಮ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು.

“ಹನ್ನೆರಡು ವರ್ಷ ಆತು. ನಿಮ್ಮ ಮಾರಿಗಿಂತ ಇದರ ಹಿಂಭಾಗಾನ ಹೆಚ್ಚು ನೋಡೀನಿ. ಲಿಂಗಣ್ಣ ನೀರಿನ ಟ್ಯಾಂಕರ್ ಎಳಿಯಾಕ ಬೇಕು ಅಂತ ಕೇಳಾಕ ಹತ್ಯಾನ. ಕೊಟ್ಟುಬಿಡ್ರಿ” ಎಂದಳು.

ವಿಚಾರ ಮಾಡೋಣ ಎಂದೆ. ವಿಚಾರವೆಲ್ಲ ಆಗಲೇ ಮುಗಿದಿತ್ತು ಎಂಬುದು ಆಮೇಲೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಬಂದು ಒಯ್ಯಲು ಅವಳು ಲಿಂಗಣ್ಣನಿಗೆ ಹೇಳಿಯೂ ಆಗಿತ್ತು. ನಾನು ಕೈಮುಗಿದೆ, ಸಿಟ್ಟು ಮಾಡಿದೆ, ಒಂದು ಹೊತ್ತು ಊಟವನ್ನೂ ಬಿಟ್ಟೆ. (ಅದನ್ನು ಯಾರೂ ಗಮನಿಸಲಿಲ್ಲ.) ಕೊನೆಗೆ ಒಂದು ಕರಾರಿಗೆ ಒಪ್ಪಿದಳು. ಸೋಮವಾರ ಬೆಳಿಗ್ಗೆ ಯಾರೂ ನೂಕದೆ, ಬರೀ ಚಾವಿಗೆ ಟ್ರಾಕ್ಟರ್ ಸ್ಟಾರ್ಟ್ ಆದರೆ ಅದು ಮನೆಯಲ್ಲೇ ಉಳಿಯುತ್ತದೆ. ಆಗದಿದ್ದರೆ ಲಿಂಗಣ್ಣನದು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಸೀಟು ಹೋದ ಮೇಲೆ ನನ್ನ ಮನೆಯಲ್ಲಿ ನಾನು ಯಾರು ಎಂದು ಕೂತು ಯೋಚಿಸಿದೆ.

ಗುರುವಾರ ಮಕ್ತಲ್‌ನಿಂದ ಮೆಕ್ಯಾನಿಕ್ ಆಂಜನೇಯುಲು ಬಂದ. ಅರ್ಧ ಕನ್ನಡ, ಅರ್ಧ ತೆಲುಗು ಆಡುವ ಮನುಷ್ಯ. ಏನೇ ಕೇಳಿದರೂ “ಏಂ ಕಾದು” ಎನ್ನುತ್ತಾನೆ, ಅಂದರೆ ಏನೂ ಆಗುವುದಿಲ್ಲ ಎಂದು. ಅವನು ಹಾಗೆಂದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ ಎಂದು ಊರಿನವರ ಅನುಭವ. ಆದರೂ ಕೈ ಚೊಕ್ಕ, ನಿಯತ್ತಿನವನು.

ರಿಂಗು ಇರುವುದು ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ನಡುವೆ, ಆದ್ದರಿಂದ ಟ್ರಾಕ್ಟರನ್ನು ನಡುವಿಗೆ ಬಿಡಿಸಿ ಎರಡು ತುಂಡು ಮಾಡಬೇಕು ಎಂದು ಅವನು ವಿವರಿಸಿದ. ಹಲ್ಲು ಕಟ್ಟಿಸಲು ಹೋದವನಿಗೆ ಸೊಂಟ ಮುರಿಯಬೇಕು ಎಂದ ಹಾಗಾಯಿತು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. “ಏಂ ಕಾದು ಪಟೇಲಾ, ಪರೇಶಾನ್ ಆಗಬ್ಯಾಡ್ರಿ” ಎಂದ.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ಜಾಕು, ಕಟ್ಟಿಗೆಯ ತುಂಡು ಕೊಟ್ಟು ನಮ್ಮ ಟ್ರಾಕ್ಟರನ್ನು ಪಾಲು ಮಾಡಿ ಆಗಿತ್ತು. ಮುಂದಿನ ಅರ್ಧ ಅಡುಗೆಮನೆಯ ಬಾಗಿಲಿಗೆ ಅಡ್ಡ, ಹಿಂದಿನ ಅರ್ಧ ಬಚ್ಚಲಿಗೆ ಅಡ್ಡ. ಸ್ನಾನಕ್ಕೆ ಹೋಗುವವರು ಟವೆಲು ಸುತ್ತಿಕೊಂಡು ಓಣಿಯ ಮೇಲಿನಿಂದ ಸುತ್ತು ಹಾಕಿ ಬರಬೇಕಾಗಿತ್ತು. ಮಹಾಂತಮ್ಮ ಅಡುಗೆಮನೆಯಿಂದ ಬಗ್ಗಿ ಹೊರಗೆ ಬಂದಾಗಲೆಲ್ಲ ಸೋಮವಾರಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದಳು.

ಕ್ಲಚ್ ಕಳಚಿದ ಮೇಲೆ ಫ್ಲೈವೀಲ್ ಕಾಣಿಸಿತು. ಆರು ಬೋಲ್ಟು. ಐದನ್ನು ಬಿಚ್ಚಿದ ಆಂಜನೇಯುಲು, ಬಹಳ ಭಾರ ಇರುತ್ತದೆ, ಇಬ್ಬರೂ ಕೂಡಿ ಹಿಡಿಯೋಣ ಎಂದ. ನಾನು ಕ್ವಿಂಟಲ್ ಚೀಲ ಒಬ್ಬನೇ ಎತ್ತಿದವನು ಎಂದೆ. ಅಡುಗೆಮನೆಯೊಳಗಿಂದ “ಯಾವಾಗ?” ಎಂಬ ಪ್ರಶ್ನೆ ಬಂತು. ಆ ಪ್ರಶ್ನೆಗೆ ಉತ್ತರ ಕೊಡುವ ಒಂದೇ ಉದ್ದೇಶದಿಂದ ಆರನೆಯ ಬೋಲ್ಟನ್ನು ನಾನೇ ಬಿಚ್ಚಿ, ಚಕ್ರವನ್ನು ಎರಡೂ ತೋಳಲ್ಲಿ ಅಪ್ಪಿ ಹೊರಗೆಳೆದೆ. ಬಂತು. ಪೂರ್ತಿ ಅರ್ಧ ನಿಮಿಷ ಅದನ್ನು ಎದೆಗೆ ಹಿಡಿದುಕೊಂಡಿದ್ದೆ ಎಂಬುದಕ್ಕೆ ಆಂಜನೇಯುಲು ಸಾಕ್ಷಿ. ಆಮೇಲೆ ಕೈ ಸೋತು ಮೆಲ್ಲಗೆ ನೆಲಕ್ಕೆ ಇಳಿಸಿದೆ. ಅಂಚಿನ ಮೇಲೆ ನಿಲ್ಲಿಸಿದ್ದು ನನ್ನ ತಪ್ಪು. ಚಕ್ರವೆಂದ ಮೇಲೆ ಉರುಳುವುದು ಅದರ ಹುಟ್ಟುಗುಣ.

ಅಂಗಳದ ಗೇಟು ತೆರೆದಿತ್ತು. ಫ್ಲೈವೀಲ್ ನಿಧಾನವಾಗಿ, ಗಂಭೀರವಾಗಿ, ಒಬ್ಬ ತಹಶೀಲ್ದಾರನ ಹಾಗೆ ಹೊರಗೆ ನಡೆಯಿತು. ಓಣಿಗೆ ಇಳಿದ ಮೇಲೆ ಓಡಲು ಶುರುಮಾಡಿತು. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಟ್ರಾಕ್ಟರಿನ ಹೊಟ್ಟೆಯೊಳಗೆ ಕೂತು ಇಳಿದ ದಾರಿ, ಅದಕ್ಕೆ ಯಾರೂ ತೋರಿಸಬೇಕಾಗಿರಲಿಲ್ಲ. ಕೋಳಿಗಳು ಗೋಡೆ ಹತ್ತಿದವು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಭೀಮಯ್ಯ ಎರಡೂ ಕಾಲನ್ನು ಮೇಲಕ್ಕೆತ್ತಿಕೊಂಡ. ಅದರ ಹಿಂದೆ ನಾನು ಓಡಿದೆ, ನನ್ನ ಹಿಂದೆ “ಏಂ ಕಾದು, ಏಂ ಕಾದು” ಎನ್ನುತ್ತ ಆಂಜನೇಯುಲು ಓಡಿದ. ಚಕ್ರ ನೆಟ್ಟಗೆ ಹೋಗಿ ಲಿಂಗಣ್ಣನ ತಿಪ್ಪೆಗೆ ಹೊಕ್ಕು ಅರ್ಧ ಹೂತು ನಿಂತಿತು.

ಲಿಂಗಣ್ಣ ಹೊರಗೆ ಬಂದ. ಅವನ ಹೊಸ ಟ್ರಾಕ್ಟರ್ ಬಾಗಿಲ ಮುಂದೆ ಥಳಥಳ ಎಂದು ನಿಂತಿತ್ತು, ಚಾವಿ ತೋರಿಸಿದರೇ ಸ್ಟಾರ್ಟ್ ಆಗುವಂಥದು. ತಿಪ್ಪೆಯನ್ನು ನೋಡಿ, ನನ್ನನ್ನು ನೋಡಿ, ನಮ್ಮ ಹಿಂದೆ ಇಳಿದು ಬಂದಿದ್ದ ಮಹಾಂತಮ್ಮನನ್ನು ನೋಡಿ ನಕ್ಕ.

“ಅಕ್ಕಾ, ನಾ ಟ್ರಾಕ್ಟರ್ ಕೇಳಿದ್ದೆ. ನೀವು ಒಂದೊಂದಾ ಸಾಮಾನು ಉಳ್ಳಿಸಿ ಕಳಸಾಕ ಹತ್ತೀರಿ. ಇರಲಿ, ಸೋಮವಾರ ಬರ್ತೀನಿ. ಟ್ರಾಕ್ಟರ್ ಅಂತ ಅಲ್ಲ, ಗುಜರಿ ಅಂತ ತೂಕಕ್ಕ ಹಾಕ್ಕೊಂಡು ಒಯ್ತೀನಿ” ಎಂದ.

ಮಹಾಂತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಬಯ್ಯುವಾಗ ಊರಲ್ಲಿ ಯಾರೂ ಹೆದರುವುದಿಲ್ಲ, ಸುಮ್ಮನಿದ್ದಾಗ ಹೆದರುತ್ತಾರೆ. ತಿಪ್ಪೆಗೆ ಕಾಲಿಟ್ಟು ಚಕ್ರದ ಒಂದು ಬದಿ ಹಿಡಿದು, ಇನ್ನೊಂದು ಬದಿ ಹಿಡಿಯಲು ನಮಗೆ ಕಣ್ಸನ್ನೆ ಮಾಡಿದಳು. ಮೂವರೂ ಅದನ್ನು ಹೊತ್ತು ದಿಬ್ಬ ಹತ್ತಿದೆವು. ಅರ್ಧ ದಾರಿಯಲ್ಲಿ ಅವಳ ಬಾಯಿ ಬಿಚ್ಚಿತು.

“ನಮ್ಮ ಟ್ರಾಕ್ಟರಿಗೆ ನಾ ಗುಜರಿ ಅಂದ್ರ ಅದು ಬ್ಯಾರೆ. ಅನ್ನಾಕ ಅವ ಯಾರು?”

(ನನ್ನ ವಿಷಯದಲ್ಲೂ ಅವಳು ಇದೇ ನಿಯಮ ಪಾಲಿಸುತ್ತಾಳೆ.) ಅಲ್ಲಿಗೆ ಪಕ್ಷ ಬದಲಾಯಿತು. ಲಿಂಗಣ್ಣನ ಕಡೆಯಿದ್ದ ಮಹಾಂತಮ್ಮ ಟ್ರಾಕ್ಟರಿನ ಕಡೆಗೆ ಬಂದಳು. ನನ್ನ ಕಡೆಗೆ ಬಂದಳು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಆದರೆ ಸೋಮವಾರ ಅದು ಚಾವಿಗೆ ಎದ್ದೇ ಏಳಬೇಕು ಎಂಬ ಹಟ ಈಗ ಇಬ್ಬರದೂ ಆಯಿತು.

ಶುಕ್ರವಾರ ಬೆಳಿಗ್ಗೆ ಆಂಜನೇಯುಲು ಮಕ್ತಲ್‌ನಿಂದ ಹೊಸ ರಿಂಗು ತಂದ. ಉಳಿ, ಸುತ್ತಿಗೆಯಿಂದ ಹಳೆಯದನ್ನು ಕಡಿದು ತೆಗೆದ. ಹೊಸದು ಚಕ್ರಕ್ಕಿಂತ ಒಂದು ಕೂದಲೆಳೆಯಷ್ಟು ಚಿಕ್ಕದಿರುತ್ತದೆ. ಅದನ್ನು ಕಾಯಿಸಬೇಕು, ಕಾದಾಗ ಹಿಗ್ಗುತ್ತದೆ, ಹಿಗ್ಗಿದಾಗ ಚಕ್ರದ ಮೇಲೆ ಕೂರಿಸಬೇಕು, ಆರಿದಾಗ ಕುಗ್ಗಿ ಕಚ್ಚಿ ಹಿಡಿಯುತ್ತದೆ. ಕಾಯಿಸಲು ವೆಲ್ಡಿಂಗಿನವನ ಗ್ಯಾಸು ಬೇಕು. ವೆಲ್ಡಿಂಗಿನವನಿಗೆ ಫೋನ್ ಹಚ್ಚಿದರೆ ಅವನು ಮರಿಕಲ್‌ನಲ್ಲಿ ಅಣ್ಣನ ಮಗಳ ಮದುವೆಯಲ್ಲಿದ್ದ, ಬರುವುದು ಮಂಗಳವಾರ ಎಂದ. ಸೋಮವಾರದ ಮರುದಿನ ಮಂಗಳವಾರ ಬರುತ್ತದೆ ಎಂಬುದು ನನಗೆ ಅಷ್ಟು ದುಃಖ ಎಂದೂ ತಂದಿರಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕಟ್ಟೆಗೆ ಕುಳಿತೆ.

ರೊಟ್ಟಿ ಬಡಿಯುತ್ತಿದ್ದ ಮಹಾಂತಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಏನು ಎಂದು ವಿಚಾರಿಸಿದಳು. ಆಂಜನೇಯುಲು ಹಿಗ್ಗುವುದು, ಕುಗ್ಗುವುದು ಎಲ್ಲವನ್ನೂ ಹೇಳಿದ. ಅವಳು ರಿಂಗನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದು ಬಂಡಿ ಗಾಲಿಗೆ ಹಳಿ ಏರಿಸಿದಂಗ ಅಲ್ಲೇನು?”

ಅವಳ ತವರು ಕೆ.ಟಿ. ದೊಡ್ಡಿ. ಅವಳು ಚಿಕ್ಕವಳಿದ್ದಾಗ ಮಳೆಗಾಲಕ್ಕೆ ಮುಂಚೆ ಊರಿನ ಬಂಡಿಗಳ ಗಾಲಿಯೆಲ್ಲ ಅವರ ಹಿತ್ತಲಿಗೆ ಬರುತ್ತಿದ್ದವಂತೆ. ಕಬ್ಬಿಣದ ಹಳಿಯನ್ನು ನೆಲಕ್ಕೆ ಮಲಗಿಸಿ, ಕೆಳಗೂ ಮೇಲೂ ಸಗಣಿಯ ಕುಳ್ಳು ಜೋಡಿಸಿ ಬೆಂಕಿ ಹಾಕಿ, ಕಾದ ಮೇಲೆ ಕಟ್ಟಿಗೆಯ ಗಾಲಿಗೆ ಏರಿಸುತ್ತಿದ್ದರು. ಕುಳ್ಳು ಜೋಡಿಸುವುದು ಇವಳ ಕೆಲಸ. ಆಂಜನೇಯುಲು ಹಿಂದೆ ಮುಂದೆ ನೋಡಿದ. ಇದು ಹಳಿಯಲ್ಲ, ಹೆಚ್ಚು ಕಾದು ಕೆಂಪಾದರೆ ಹಲ್ಲು ಮೆತ್ತಗಾಗಿ ಆರು ತಿಂಗಳಿಗೆ ಸವೆಯುತ್ತದೆ, ಕಡಿಮೆ ಕಾದರೆ ಕೂರುವುದೇ ಇಲ್ಲ, ಕುಳ್ಳಿನ ಬೆಂಕಿಯಲ್ಲಿ ಎಷ್ಟು ಕಾದಿದೆ ಎಂದು ಗೊತ್ತಾಗುವುದು ಹೇಗೆ ಎಂದ.

ಮಹಾಂತಮ್ಮ ಅವನನ್ನು ಕನಿಕರದಿಂದ ನೋಡಿದಳು. “ದಿನಾ ಇಪ್ಪತ್ತು ರೊಟ್ಟಿ ಬಡೀತೀನಿ. ಹಂಚು ಎಷ್ಟು ಕಾದೈತಿ ಅಂತ ಯಾರ್ನ ಕೇಳಿ ಬಡೀತೀನಿ?”

ಮಧ್ಯಾಹ್ನ ಅಂಗಳದಲ್ಲಿ ಯಜ್ಞ ಪ್ರಾರಂಭವಾಯಿತು. ಕುಳ್ಳನ್ನು ದುಂಡಗೆ ಜೋಡಿಸಿ, ನಡುವೆ ರಿಂಗನ್ನಿಟ್ಟು ಅವಳು ಬೆಂಕಿ ಹಚ್ಚಿದಳು. ಪಕ್ಕದಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಫ್ಲೈವೀಲನ್ನು ಒರೆಸಿ ಮಲಗಿಸಿದೆವು. ಹಲ್ಲಿನ ಯಾವ ಬದಿ ಮೇಲಕ್ಕೆ ಬರಬೇಕು ಎಂದು ಆಂಜನೇಯುಲು ಸುಣ್ಣದ ಗುರುತು ಹಾಕಿದ. ಓಣಿಯವರೆಲ್ಲ ಬಂದು ಗೋಡೆಗುಂಟ ನಿಂತರು. ಭೀಮಯ್ಯ ತನ್ನ ಕಾಲದಲ್ಲಿ ನೂರು ಗಾಲಿಗೆ ಹಳಿ ಏರಿಸಿದ್ದಾಗಿ ಹೇಳಿಕೊಂಡು ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಂಡ.

ಮಹಾಂತಮ್ಮ ಚೊಂಬಿನಿಂದ ಬೆರಳ ತುದಿಗೆ ನೀರು ತೆಗೆದು ರಿಂಗಿನ ಮೇಲೆ ಒಂದು ಹನಿ ಚಿಮುಕಿಸಿದಳು. ಹನಿ ‘ಚುಂಯ್’ ಎಂದು ಆರಿಹೋಯಿತು. ಇನ್ನೂ ಇಲ್ಲ ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ, ಆಮೇಲೆ ಮತ್ತೊಂದು. ಕೊನೆಗೆ ಒಂದು ಹನಿ ಆರಲಿಲ್ಲ. ಮುತ್ತಿನ ಹಾಗೆ ಗುಂಡಗಾಗಿ ರಿಂಗಿನ ಮೇಲೆಲ್ಲ ಓಡಾಡಿತು.

“ಎತ್ರಿ ಈಗ” ಎಂದಳು.

ನಾನೊಂದು ಬದಿ, ಆಂಜನೇಯುಲು ಒಂದು ಬದಿ ಇಕ್ಕಳದಲ್ಲಿ ಹಿಡಿದು ಎತ್ತಿ, ಚಕ್ರದ ಮೇಲೆ ತಂದು ಬಿಟ್ಟೆವು. ‘ಟಪ್’ ಎಂದು ಸುತ್ತಲೂ ಒಂದೇ ಸಮನೆ ಕುಳಿತುಬಿಟ್ಟಿತು. ಮಕ್ತಲ್‌ನ ಗ್ಯಾಸಿನವನು ಕೂಡ ಒಂದೇ ಏಟಿಗೆ ಹೀಗೆ ಕೂರಿಸಿದ್ದನ್ನು ನೋಡಿಲ್ಲ ಎಂದು ಆಂಜನೇಯುಲು ಹೇಳುತ್ತಿದ್ದ. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಎದೆ ರಿಂಗಿಗಿಂತ ಹೆಚ್ಚು ಹಿಗ್ಗಿತು. ಆಗ ಮುಂದಿನ ಸಾಲಿನಿಂದ ಭೀಮಯ್ಯ “ನೀರು, ನೀರು” ಎಂದ.

ಇಲ್ಲಿ ನಮ್ಮ ಸೀಮೆಯ ಪದ್ಧತಿ ಹೇಳಬೇಕು. ಬಂಡಿಯ ಗಾಲಿಗೆ ಕಾದ ಹಳಿ ಕೂರಿಸಿದ ಕೂಡಲೇ ನೀರು ಹೊಯ್ಯಬೇಕು, ಇಲ್ಲದಿದ್ದರೆ ಗಾಲಿಯ ಕಟ್ಟಿಗೆ ಸುಟ್ಟು ಹೋಗುತ್ತದೆ. ಈ ಕಡೆ ಬೆಳೆದ ಯಾವನಿಗಾದರೂ ಆ ಹೊತ್ತಿಗೆ ಕೈ ತಾನಾಗಿಯೇ ಕೊಡದ ಕಡೆಗೆ ಹೋಗುತ್ತದೆ. ನನ್ನದೂ ಹೋಯಿತು. ಆಂಜನೇಯುಲು ಬಾಯಿ ತೆರೆಯುವುದರೊಳಗೆ ತುಂಬಿದ ಕೊಡ ಬೋರಲಾಗಿತ್ತು. ಅಂಗಳವೆಲ್ಲ ಹಬೆ. ಆ ಹಬೆಯೊಳಗಿಂದ ‘ಟಿಣ್’ ಎಂದು ಒಂದು ಸಣ್ಣ ಸದ್ದು ಬಂತು.

ಆಂಜನೇಯುಲು ಜೀವನದಲ್ಲಿ ಮೊದಲ ಸಲ ಏಂ ಕಾದು ಎನ್ನಲಿಲ್ಲ. “ಅಯಿಪೋಯಿಂದಿ” ಎಂದ. ಮುಗಿದುಹೋಯಿತು ಎಂಬುದನ್ನು ಅವನು ಹೇಳುವ ಅಗತ್ಯವಿರಲಿಲ್ಲ, ರಿಂಗಿನ ಅಡ್ಡಕ್ಕೆ ಕೂದಲಿನಂಥ ಬಿರುಕು ಎಲ್ಲರಿಗೂ ಕಾಣಿಸುತ್ತಿತ್ತು. ಕಟ್ಟಿಗೆ ಸುಡಬಾರದೆಂದು ಹೊಯ್ದೆ ಎಂದು ನಾನು ಮೆಲ್ಲಗೆ ಹೇಳಿದೆ.

“ಇದರಾಗ ಕಟಿಗಿ ಎಲ್ಲೈತ್ರೀ, ನಿಮ್ಮ ತಲಿ ಒಂದು ಬಿಟ್ರ?” ಎಂದಳು ಮಹಾಂತಮ್ಮ.

ಭೀಮಯ್ಯನನ್ನು ಹುಡುಕಿದೆ. ಅವನಿಗೆ ಅಷ್ಟರಲ್ಲಿ ಮನೆಯಲ್ಲಿ ಏನೋ ಕೆಲಸ ನೆನಪಾಗಿತ್ತು.

ಮಕ್ತಲ್‌ನ ಅಂಗಡಿಯಲ್ಲಿ ಇದ್ದದ್ದು ಅದೊಂದೇ ರಿಂಗು. ಇನ್ನೊಂದು ಬೇಕಾದರೆ ಗದ್ವಾಲಕ್ಕೆ ಹೋಗಬೇಕು. ಶನಿವಾರ ಬೆಳಿಗ್ಗೆ ನಾನು ಅಂಗಿ ತೊಟ್ಟು ಸಿದ್ಧನಾದೆ. ಅವಳು ಆಂಜನೇಯುಲು ಬಿಡಿಸಿಟ್ಟಿದ್ದ ಒಡೆದ ರಿಂಗನ್ನು ಕೈಚೀಲಕ್ಕೆ ಹಾಕಿಕೊಂಡು, ನೀವು ಕೂಡ್ರಿ, ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಹೇಳಿ ಹೊರಟೇಹೋದಳು. ಆ ದಿನದ ಅಡುಗೆ ನನ್ನದು. ಆಂಜನೇಯುಲು ಉಂಡು, ನನ್ನ ಮುಖ ನೋಡಿ ಏಂ ಕಾದು ಎಂದ. ಸಂಜೆಯವರೆಗೆ ಅವನು ಓಣಿ ಸುತ್ತಿ ಬಚ್ಚಲಿಗೆ ನಾಲ್ಕು ಸಲ ಹೋಗಿಬಂದ.

ಸಂಜೆ ಬಸ್ಸಿನಿಂದ ಅವಳು ರಿಂಗು ಸಮೇತ ಇಳಿದಳು. ಗದ್ವಾಲದ ಅಂಗಡಿಯವನು ಮೊದಲು ಕೊಟ್ಟದ್ದು ಸರಿಯಾದದ್ದೇ ಎಂದು ಆಣೆ ಮಾಡಿದನಂತೆ. ಇವಳು ನಂಬದೆ, ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಸುಣ್ಣದ ಕಡ್ಡಿಯಿಂದ ಗುರುತು ಮಾಡಿ ಎರಡೂ ರಿಂಗಿನ ಹಲ್ಲನ್ನು ಒಂದೊಂದಾಗಿ ಎಣಿಸಿದಳು. ಒಡೆದದ್ದಕ್ಕೆ ನೂರಾ ಇಪ್ಪತ್ತೆಂಟು, ಹೊಸದಕ್ಕೆ ನೂರಾ ಇಪ್ಪತ್ತಾರು. ಅಂಗಡಿಯವನು ಒಳಗಿಂದ ಬೇರೆ ತಂದುಕೊಟ್ಟು, ನೀವು ಮೆಕ್ಯಾನಿಕ್ಕಾ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದನಂತೆ. ಇನ್ನೂ ಇಲ್ಲ ಎಂದು ಹೇಳಿ ಬಂದೆ ಎಂದಳು. ಆ ‘ಇನ್ನೂ’ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಭಾನುವಾರ ಎರಡನೆಯ ಯಜ್ಞ. ಈ ಸಲ ಬಂದೋಬಸ್ತು ಕಟ್ಟುನಿಟ್ಟಾಗಿತ್ತು. ಮನೆಯ ಕೊಡ, ಬಕೆಟ್ಟು, ಹಂಡೆ ಎಲ್ಲವೂ ಒಳಗೆ, ಕೋಣೆಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಭೀಮಯ್ಯ ಗೇಟಿನ ಆಚೆಯೇ ನಿಲ್ಲಬೇಕು, ಬಾಯಿ ತೆರೆಯುವಂತಿಲ್ಲ. ನಾನು ಇಕ್ಕಳ ಬಿಟ್ಟ ತಕ್ಷಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಹನಿ ಓಡಾಡಿತು, ಎತ್ತಿದೆವು, ಬಿಟ್ಟೆವು, ‘ಟಪ್’ ಎಂದು ಕುಳಿತಿತು. ನಾನು ಕೈಕಟ್ಟಿ ಶಾಲೆಯ ಹುಡುಗನ ಹಾಗೆ ನಿಂತೆ. ಬಗ್ಗಿ ನೋಡಲು ಹೋದರೆ ಬೆವರಿನ ಹನಿ ಬೀಳುತ್ತದೆ ಎಂದು ಅದಕ್ಕೂ ಬಿಡಲಿಲ್ಲ. ರಿಂಗು ತನ್ನ ಪಾಡಿಗೆ ತಾನು ಆರಿ, ಕುಗ್ಗಿ, ಚಕ್ರವನ್ನು ಕಚ್ಚಿ ಹಿಡಿಯಿತು. ಆಂಜನೇಯುಲು ಸುತ್ತಿಗೆಯಿಂದ ಬಡಿದು ನೋಡಿದ. ಗಂಟೆಯ ಹಾಗೆ ನಾದ ಬಂತು, ಬಿರುಕಿನ ಸುಳಿವಿಲ್ಲ.

ಸಂಜೆಯೊಳಗೆ ಚಕ್ರ ಏರಿತು, ಕ್ಲಚ್ ಕುಳಿತಿತು, ನಾಲ್ಕು ದಿನ ಬೇರೆಯಾಗಿದ್ದ ಎರಡು ಅರ್ಧಗಳು ಮತ್ತೆ ಒಂದಾದವು. ಕೂಡಿಸುವಾಗ ಒಳಗಿನ ಶಾಫ್ಟು ಸರಿಯಾಗಿ ಹೋಗದೆ ಒಂದು ತಾಸು ಕಾಡಿತು. ಆಗ ಹಿಂದಿನ ಗಾಲಿಯನ್ನು ಬೆರಳಷ್ಟು ಬೆರಳಷ್ಟಾಗಿ ತಿರುಗಿಸಿ ದಾರಿ ಮಾಡಿಕೊಟ್ಟವಳೂ ಅವಳೇ. ಚಾವಿ ತಿರುವಿ ನೋಡೋಣವೇ ಎಂದು ಆಂಜನೇಯುಲು ಕೇಳಿದ. ನಾಳೆ, ಲಿಂಗಣ್ಣನ ಎದುರಿಗೇ ಎಂದಳು ಮಹಾಂತಮ್ಮ.

ಸೋಮವಾರ ಬೆಳಿಗ್ಗೆ ಲಿಂಗಣ್ಣ ತನ್ನ ಹೊಸ ಟ್ರಾಕ್ಟರ್ ತೆಗೆದುಕೊಂಡೇ ಬಂದ, ನಮ್ಮದನ್ನು ಎಳೆದೊಯ್ಯಲು ಒಂದು ಸರಪಳಿ ಹೆಗಲ ಮೇಲೆ. ಓಣಿ ತುಂಬಿತ್ತು. ನಾನು ಟವೆಲು ಸುತ್ತಿ ಸೀಟು ಹತ್ತಿದೆ. ಇದು ಸ್ಟಾರ್ಟ್ ಆಗದಿದ್ದರೆ ಆ ಸೀಟಿನಿಂದ ಇಳಿಯುವುದು ಕೊನೆಯ ಸಲ. ಮನೆದೇವರನ್ನು ನೆನೆದು ಚಾವಿ ತಿರುವಿದೆ.

‘ಕರ್ರ್’ ಎನ್ನಲಿಲ್ಲ. ‘ಗುರ್ರ್’ ಎಂದಿತು, ಆ ಗುರ್ರ್ ಮುಗಿಯುವುದರೊಳಗೆ ಬುಡಬುಡ ಎಂದು ಎಂಜಿನ್ ಎದ್ದಿತು. ಒಂದೇ ಚಾವಿಗೆ. ಹೊಗೆ ನೆಟ್ಟಗೆ ಆಕಾಶಕ್ಕೆ ಹೋಯಿತು. ಆಂಜನೇಯುಲು ಕುಣಿದ, ಹೆಂಗಸರು ನಕ್ಕರು, ಗೇಟಿನ ಆಚೆ ಭೀಮಯ್ಯನಿಗೂ ಬಾಯಿ ತೆರೆಯಲು ಅನುಮತಿ ಸಿಕ್ಕಿತು. ನಾನು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಹೀಗೆ ಏಳು ಸಲ. ಏಳು ಸಲವೂ ಎದ್ದಿತು. ಲಿಂಗಣ್ಣನಿಗೆ ಮಹಾಂತಮ್ಮ ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟಳು. ಅವನು ಕುಡಿದು, ತನ್ನ ಸರಪಳಿಯನ್ನು ತಾನೇ ಹೊತ್ತುಕೊಂಡು, ತನ್ನ ಟ್ರಾಕ್ಟರ್ ತಿರುಗಿಸಿ ದಿಬ್ಬ ಇಳಿದ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಕಥೆ ಹೇಳಿದೆ. ಬೆಳಿಗ್ಗೆ ಹೇಳುವಾಗ ‘ನಾವು ಕೂರಿಸಿದೆವು’ ಎಂದಿತ್ತು, ಮಧ್ಯಾಹ್ನದ ಹೊತ್ತಿಗೆ ‘ನಾನು ಕೂರಿಸಿದೆ’ ಎಂದಾಗಿತ್ತು.

ಮಂಗಳವಾರ ಆರೂವರೆಗೆ ಟವೆಲು ಸುತ್ತಿಕೊಂಡು ಅಂಗಳಕ್ಕೆ ಬಂದೆ. ಸೀಟಿನ ಮೇಲೆ ಮಹಾಂತಮ್ಮ ಕುಳಿತಿದ್ದಳು.

ಇಳಿ ಎಂದೆ. ಇಳಿಯಲಿಲ್ಲ. ಇದು ರೊಟ್ಟಿ ಬಡಿದಂತಲ್ಲ, ಗೇರ್ ಐತಿ, ಕ್ಲಚ್ ಐತಿ, ಕಲಿಯಲು ವರ್ಷಗಟ್ಟಲೆ ಬೇಕು ಎಂದು ತಿಳಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹನ್ನೆರಡು ವರ್ಷ ಹಿಂದ ನಿಂತು ನೂಕೀನಿ. ನೀವು ಯಾವಾಗ ಕ್ಲಚ್ ಒತ್ತತೀರಿ, ಯಾವಾಗ ಬಿಡ್ತೀರಿ, ಎಲ್ಲಿ ತಪ್ಪತೀರಿ, ಎಲ್ಲಾ ಹಿಂದಿಂದ ಕಾಣತಿತ್ತು. ನನಗ ಬರತಿರಲಿಲ್ಲ ಅಂತಲ್ಲ. ನನಗ ನೂಕಾಕ ಯಾರೂ ಇರಲಿಲ್ಲ.”

ಅವಳ ಹಿಂದೆ ನಿಂತು ನೂಕುವ ವಿಚಾರ ಹನ್ನೆರಡು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ ಎಂಬುದು ನಿಜ. ಒಂದೇ ಚಾವಿಗೆ ಏಳುವ ಟ್ರಾಕ್ಟರ್ ಯಾರ ಕೈಗಾದರೂ ಏಳುತ್ತದೆ ಎಂಬುದೂ ನನಗೆ ಹೊಳೆದದ್ದು ಆಗಲೇ. ಅವಳು ಚಾವಿ ತಿರುವಿದಳು. ಟ್ರಾಕ್ಟರ್ ಎದ್ದಿತು, ಗೇಟು ದಾಟಿತು, ದಿಬ್ಬ ಇಳಿಯಿತು. ನಾನು ಹಿಂದೆ ನಡೆದೆ, ಆಮೇಲೆ ಓಡಿದೆ.

ಕಾಲುವೆಯ ಹತ್ತಿರ ಭತ್ತದ ಗದ್ದೆಯ ನೀರು ದಾರಿಗೆ ಹರಿದು ಕೆಸರಾಗಿತ್ತು. ಅಲ್ಲಿ ತಿರುವಿನಲ್ಲಿ ಅವಳು ಕ್ಲಚ್ಚನ್ನು ಬೇಗ ಬಿಟ್ಟಳು, ಎಂಜಿನ್ ಗಕ್ಕನೆ ನಿಂತಿತು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಈಗ ನನ್ನ ಬೆಲೆ ತಿಳಿಯುತ್ತದೆ ಎಂದುಕೊಂಡು ಓಡಿದೆ. ನಿಂತ ಟ್ರಾಕ್ಟರನ್ನು ನೂಕಬೇಕು ಎಂಬುದು ನಮ್ಮ ಮನೆಯಲ್ಲಿ ಉಸಿರಾಟದಷ್ಟೇ ಸಹಜ. ನೂಕಲು ಅಲ್ಲಿ ನಾನೊಬ್ಬನೇ ಇದ್ದೆ. ಮೊದಲ ಸಲ ಅದರ ಹಿಂದೆ ನಿಂತೆ, ಅದು ಅಷ್ಟು ಅಗಲ, ಅಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ. ಹೆಗಲು ಕೊಟ್ಟು, ಹಲ್ಲು ಕಚ್ಚಿ, ಕಾಲನ್ನು ಕೆಸರಿಗೆ ಊರಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದೆ.

ಅಷ್ಟರಲ್ಲಿ ಅವಳು ಚಾವಿ ತಿರುವಿದಳು. ಟ್ರಾಕ್ಟರ್ ಎದ್ದು ಮುಂದಕ್ಕೆ ಹೋಯಿತು, ನನ್ನ ಹೆಗಲು ಮಾತ್ರ ಅಲ್ಲೇ ಗಾಳಿಯಲ್ಲಿ ಉಳಿಯಿತು. ಹಣೆಯಿಂದ ಮೊಣಕಾಲಿನವರೆಗೆ ಒಂದೇ ಸಮನೆ ಕೆಸರಿಗೆ ಕುಳಿತೆ, ರಿಂಗು ಕುಳಿತದ್ದಕ್ಕಿಂತ ಚೆನ್ನಾಗಿ.

ತಲೆಯೆತ್ತಿದಾಗ ಅವಳು ಮುಂದೆ ಒಣನೆಲದಲ್ಲಿ ಟ್ರಾಕ್ಟರ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿಯೇ ಕಾಯುತ್ತಿದ್ದಳು.

“ಇನ್ನ ನೂಕೂದು ಬ್ಯಾಡ್ರಿ. ಬರ್ರಿ, ಮಡಗಾರ್ಡ್ ಮ್ಯಾಲ ಕುಂದರ್ರಿ. ಗಟ್ಟಿ ಹಿಡಕೋರಿ.”

ಎದ್ದು ಹೋಗಿ ಹತ್ತಿ ಕುಳಿತೆ, ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಮತ್ತೆ ಚಾವಿ ತಿರುವಿದಳು. ಮುಂದೆ ಕಾಲುವೆಯ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನೊಬ್ಬ ದಾರಿಯ ಬದಿಗೆ ಸರಿದು, ಗಂಡಸೆಂದು ಮರ್ಯಾದೆಗೆ ನನ್ನನ್ನೇ ನೋಡಿ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಂಡೆ. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವಳನ್ನು ಕೇಳಿದೆ.